ನಕ್ಷತ್ರ ಹೋಗಿ ನಿಪ್ಪಟ್ಟಾಗದಂತೆ: ಮಕ್ಕಳ ಜೊತೆ ಕ್ರಿಸ್ಮಸ್ ಕುಕೀ ಅಲಂಕಾರ

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಮಗಳಿಗೆ 9 ವರ್ಷ, ಮಗನಿಗೆ 5. ಹೋದ ಡಿಸೆಂಬರ್‌ನಲ್ಲಿ ಅಪಾರ್ಟ್‌ಮೆಂಟಿನ ಕ್ರಿಸ್ಮಸ್ ಪಾರ್ಟಿಗೆ ಅಂತ ಮನೆಯಲ್ಲೇ ಕುಕೀ ಮಾಡಿದೆವು. ಓವನ್‌ನಿಂದ ತೆಗೆದಾಗ ನಕ್ಷತ್ರಗಳೆಲ್ಲ ನಿಪ್ಪಟ್ಟಿನ ಹಾಗೆ ಆಗಿದ್ದವು. ಮೇಲೆ ಹಾಕಿದ ಐಸಿಂಗ್ ಅರ್ಧ ತಟ್ಟೆಗೆ ಹರಿಯಿತು, ಅರ್ಧ ಮಕ್ಕಳ ಹೊಟ್ಟೆಗೆ ಹೋಯಿತು. ಈ ಸಲ ಸ್ನೋಮ್ಯಾನ್, ಸ್ನೋಫ್ಲೇಕ್ ಬೇಕೇ ಬೇಕು ಅಂತ ಮಗಳ ಹಟ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಬಣ್ಣ ಹಾಕಲು ಭಯ. ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ಜಗಳವಿಲ್ಲದೆ ಇದನ್ನು ಮಾಡಲು ಸಾಧ್ಯವೇ?

ಉತ್ತರ: ಜಗಳವಿಲ್ಲದೆ ಅನ್ನುವುದಕ್ಕೆ ನಾನು ಜವಾಬ್ದಾರಳಲ್ಲ. ಉಳಿದದ್ದೆಲ್ಲ ಸಾಧ್ಯ.

ನಿಪ್ಪಟ್ಟು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಕುಕೀ ಹರಡಿಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣ ಮೂರು. ಹಿಟ್ಟಿಗೆ ಬೇಕಿಂಗ್ ಪೌಡರ್ ಹಾಕಿರುತ್ತೀರಿ. ಅಥವಾ ಬೆಣ್ಣೆ ಜಾಸ್ತಿ ಆಗಿರುತ್ತದೆ. ಇಲ್ಲವೇ ಕತ್ತರಿಸಿದ ಹಿಟ್ಟು ಮೆತ್ತಗಿರುವಾಗಲೇ ಓವನ್‌ಗೆ ಇಟ್ಟಿರುತ್ತೀರಿ. ನಿಮ್ಮ ಮನೆಯಲ್ಲಿ ಮೂರನೆಯದಂತೂ ಆಗಿದೆ ಅಂತ ನನ್ನ ಊಹೆ. ಐದು ವರ್ಷದ ಮಗು ಹಿಟ್ಟನ್ನು ಮುಟ್ಟದೆ ಬಿಡುತ್ತದೆಯೇ? ಅಂಗೈಯ ಬಿಸಿಗೇ ಬೆಣ್ಣೆ ಸಡಿಲವಾಗುತ್ತದೆ. ಓವನ್‌ ಒಳಗೆ ಮೈದಾ ಗಟ್ಟಿಯಾಗುವ ಮುಂಚೆಯೇ ಬೆಣ್ಣೆ ಕರಗಿ ಹರಿಯುತ್ತದೆ, ನಕ್ಷತ್ರದ ಮೂಲೆಗಳೂ ಅದರ ಜೊತೆ ಹೋಗುತ್ತವೆ.

ನನ್ನ ಅಳತೆ ಇದು: 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, 2 ದೊಡ್ಡ ಚಮಚ ಹಾಲು, ಸ್ವಲ್ಪ ವೆನಿಲಾ ಅಥವಾ ಏಲಕ್ಕಿ. ಬೇಕಿಂಗ್ ಪೌಡರ್ ಬೇಡ, ಸೋಡಾ ಬೇಡ. ಅಂಗಡಿಯ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬೇಡಿ. ಮನೆಯಲ್ಲಿ ಕಡೆದ ಬೆಣ್ಣೆ ದೋಸೆಗೆ ಇರಲಿ. ಅದರಲ್ಲಿ ನೀರು ಎಷ್ಟಿದೆ ಅಂತ ಹೇಳಲಾಗದು, ಈ ಕೆಲಸಕ್ಕೆ ಅದನ್ನು ನಂಬಬೇಡಿ. ಬೆಣ್ಣೆ, ಸಕ್ಕರೆ ಬೆರೆತರೆ ಸಾಕು, ಕೇಕಿಗೆ ಕಡೆಯುವ ಹಾಗೆ ನೊರೆ ಬರಿಸಬೇಡಿ. ಮೈದಾ ಸೇರಿಸಿ, ಹಾಲು ಚಿಮುಕಿಸಿ, ಉಂಡೆ ಕೂಡಿಸಿ. ಒಣ ಅನಿಸಿದರೆ ಮಾತ್ರ ಇನ್ನೊಂದು ಚಮಚ ಹಾಲು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕುಕೀ ಗಟ್ಟಿ ಬಿಲ್ಲೆಯಾಗುತ್ತದೆ.

ಲಟ್ಟಿಸುವಾಗ ಹಿಟ್ಟಿನ ಎರಡೂ ಪಕ್ಕ ಒಂದೊಂದು ಪೆನ್ಸಿಲ್ ಇಟ್ಟು ಅವುಗಳ ಮೇಲೆ ಲಟ್ಟಣಿಗೆ ಓಡಿಸಿ. ಹೊಸ ಪೆನ್ಸಿಲ್, ತೊಳೆದು ಒರೆಸಿದ್ದು. ಆಗ ಎಲ್ಲ ಕಡೆ ಒಂದೇ ದಪ್ಪ ಬರುತ್ತದೆ, 6-7 ಮಿಲಿಮೀಟರ್. ಮಕ್ಕಳಿಗೂ ಇದು ಇಷ್ಟ. ಕತ್ತರಿಸಿದ ಮೇಲೆ ತಟ್ಟೆಯ ಸಮೇತ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಿ. ಮುಟ್ಟಿದರೆ ಹಲಗೆಯ ಹಾಗೆ ಅನಿಸಬೇಕು. ಈ ಅರ್ಧ ಗಂಟೆ ಬಿಟ್ಟರೆ ಮತ್ತೆ ನಿಪ್ಪಟ್ಟೇ. ಓವನ್ (ಒಟಿಜಿ) ಅನ್ನು 170 ಡಿಗ್ರಿಗೆ ಮೊದಲೇ ಬಿಸಿ ಮಾಡಿಕೊಂಡು 12ರಿಂದ 14 ನಿಮಿಷ ಬೇಯಿಸಿ. ಅಂಚು ಸ್ವಲ್ಪ ಹೊಂಬಣ್ಣಕ್ಕೆ ಬಂದರೆ ಆಯಿತು, ಮಧ್ಯ ಬೆಳ್ಳಗೇ ಇರಲಿ. ಬಿಸಿಯಲ್ಲಿ ಮೆತ್ತಗಿರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಈ ಅಳತೆಗೆ ಸುಮಾರು 25 ಕುಕೀ ಬರುತ್ತವೆ.

ಇದನ್ನೆಲ್ಲ ಒಂದೇ ದಿನ ಮಾಡಬೇಡಿ. ಹೋದ ವರ್ಷ ನೀವು ಒಂದೇ ಮಧ್ಯಾಹ್ನದಲ್ಲಿ ಮುಗಿಸಲು ಹೋಗಿರಬೇಕು, ಅಲ್ವಾ? ಹಿಟ್ಟು ಕಲಸಿ, ಬೇಯಿಸಿ, ಐಸಿಂಗ್ ಹಾಕುವಷ್ಟರಲ್ಲಿ ನಾಲ್ಕು ಗಂಟೆ. ಅಷ್ಟು ಹೊತ್ತು ದೊಡ್ಡವರಿಗೇ ತಾಳ್ಮೆ ಇರುವುದಿಲ್ಲ. ಜರ್ಮನಿಯಲ್ಲಿ ಕ್ರಿಸ್ಮಸ್ ಕುಕೀಗೆ ಪ್ಲೆಟ್ಸ್‌ಶೆನ್ ಅನ್ನುತ್ತಾರೆ. ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳಲ್ಲೇ ಅವನ್ನು ಮಾಡಿ ಡಬ್ಬಿ ತುಂಬಿಸುತ್ತಾರೆ. ನೀವೂ ಹಾಗೇ ಮಾಡಿ. ಶುಕ್ರವಾರ ರಾತ್ರಿ ಹಿಟ್ಟು ಕಲಸಿ ಫ್ರಿಜ್‌ಗೆ. ಶನಿವಾರ ಬೇಯಿಸಿ ಡಬ್ಬಿಗೆ. ಭಾನುವಾರ ಬೆಳಿಗ್ಗೆ ಬರೀ ಅಲಂಕಾರ, ಒಂದು ಗಂಟೆ ಸಾಕು.

ಆದರೂ ಬೇಯಿಸುವ ಕೆಲಸ ಬೇಡ ಅನಿಸಿದರೆ ಮಾರಿ ಬಿಸ್ಕತ್ತು ತನ್ನಿ. ನಾಚಿಕೆ ಏನಿಲ್ಲ. ನಾನು ಕುಕೀ ಅಲಂಕಾರ ಕಲಿಸುವ ನಾಲ್ಕೈದು ವರ್ಷದ ಮಕ್ಕಳ ತರಗತಿಗೆ ಎಷ್ಟೋ ಸಲ ಮಾರಿಯನ್ನೇ ಕೊಟ್ಟಿದ್ದೇನೆ. ದುಂಡಗೆ, ಸಪಾಟಾಗಿ, ಸ್ನೋಮ್ಯಾನ್ ಮುಖಕ್ಕೆ ಅಂತಲೇ ಮಾಡಿದ ಹಾಗಿರುತ್ತದೆ.

ಈಗ ಐಸಿಂಗ್. ಇದರ ಗುಟ್ಟೆಲ್ಲ ಗಟ್ಟಿತನದಲ್ಲಿದೆ. ಬಣ್ಣ, ನಳಿಕೆ, ಅಲಂಕಾರದ ಸಾಮಾನು ಎಲ್ಲ ಆಮೇಲೆ.

ಪೇಟೆಯ ಕುಕೀಗಳ ಮೇಲೆ ಗಟ್ಟಿಯಾಗಿ ಕೂರುವ ಬಿಳಿ ಪದರಕ್ಕೆ ರಾಯಲ್ ಐಸಿಂಗ್ ಅನ್ನುತ್ತಾರೆ. ಮೊಟ್ಟೆಯ ಬಿಳಿ ಮತ್ತು ಐಸಿಂಗ್ ಸಕ್ಕರೆ ಕಡೆದು ಮಾಡುವುದು. ಕೇಕ್ ಸಾಮಾನಿನ ಅಂಗಡಿಯಲ್ಲಿ ಮೆರಾಂಗ್ ಪೌಡರ್ ಅಂತ ಒಂದು ಡಬ್ಬಿ ತೋರಿಸಬಹುದು. ಅದೂ ಒಣಗಿಸಿದ ಮೊಟ್ಟೆಯ ಬಿಳಿಯೇ, ಮೋಸ ಹೋಗಬೇಡಿ. ನಿಮಗೆ ಬೇಕಾಗಿರುವುದು ಕಾಬೂಲಿ ಕಡಲೆ ಬೇಯಿಸಿದ ನೀರು. ನಗಬೇಡಿ. ಆ ನೀರನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆಯೇ ನೊರೆ ಬರುತ್ತದೆ. 2014-15ರ ಸುಮಾರಿಗೆ ಫ್ರಾನ್ಸ್, ಅಮೆರಿಕದ ಕೆಲವು ಅಡುಗೆ ಹುಚ್ಚಿನವರು ಇದನ್ನು ಕಂಡುಕೊಂಡರು. ಅದಕ್ಕೆ ಆಕ್ವಾಫಾಬಾ ಅನ್ನುವ ಹೆಸರೂ ಬಂತು. ಕಡಲೆಯಿಂದ ನೀರಿಗೆ ಇಳಿದ ಪ್ರೋಟೀನ್ ಮತ್ತು ಪಿಷ್ಟ ಈ ಕೆಲಸ ಮಾಡುತ್ತವೆ.

ಒಂದು ಲೋಟ ಕಡಲೆ ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಮೂರು ಲೋಟ ಹಾಕಿ, ಉಪ್ಪಿಲ್ಲದೆ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ಕಡಲೆ ಅದರಲ್ಲೇ ಇರುವಂತೆ ಆರಿಸಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಮರುದಿನ ಸೋಸಿದಾಗ ನೀರು ಲೋಳೆಲೋಳೆಯಾಗಿ ಬರಬೇಕು. ತೆಳ್ಳಗಿದ್ದರೆ ಒಲೆಯ ಮೇಲಿಟ್ಟು ಬತ್ತಿಸಿ. ಕಡಲೆ ಸಾಗುಗೆ ಆಯಿತು. ಲೋಳೆ ನೀರು 3 ದೊಡ್ಡ ಚಮಚ ತೆಗೆದುಕೊಂಡು ಎಣ್ಣೆ ಪಸೆ ಇಲ್ಲದ ಪಾತ್ರೆಯಲ್ಲಿ ನೊರೆ ಬರುವ ತನಕ ಕಡೆಯಿರಿ. 250 ಗ್ರಾಂ ಐಸಿಂಗ್ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಅರ್ಧ ಚಮಚ ನಿಂಬೆರಸ ಹಾಕಿ, ಇನ್ನೂ ನಾಲ್ಕೈದು ನಿಮಿಷ ಕಡೆಯಿರಿ. ಬೆಳ್ಳಗೆ, ಹೊಳಪಾಗಿ ಬರುತ್ತದೆ. ಸಕ್ಕರೆ ಸೇರಿದ ಮೇಲೆ ಕಡಲೆ ವಾಸನೆ ಉಳಿಯುವುದಿಲ್ಲ.

ಸಕ್ಕರೆಯನ್ನು ಎರಡು ಸಲ ಜರಡಿ ಹಿಡಿಯಿರಿ. ಮಿಕ್ಸಿಯಲ್ಲಿ ಪುಡಿ ಮಾಡಿದ್ದಾದರೆ ತೆಳು ಬಟ್ಟೆಯಲ್ಲಿ ಸೋಸಿ. ಒಂದೇ ಒಂದು ಹರಳು ಐಸಿಂಗ್ ಹಿಂಡುವ ಕೋನ್‌ನ ತುದಿಯಲ್ಲಿ ಸಿಕ್ಕಿಕೊಂಡರೆ ಸಾಕು, ಮಗು ಜೋರಾಗಿ ಒತ್ತುತ್ತದೆ, ಹಿಂದಿನ ಗಂಟು ಬಿಚ್ಚಿಕೊಳ್ಳುತ್ತದೆ, ಐಸಿಂಗ್ ಮೊಣಕೈವರೆಗೆ ಬರುತ್ತದೆ.

ಗಟ್ಟಿತನ ನೋಡುವುದು ಹೀಗೆ. ಬಟ್ಟಲಿನ ಐಸಿಂಗ್ ಮಧ್ಯೆ ಚಾಕುವಿನಿಂದ ಒಂದು ಗೆರೆ ಎಳೆದು ಎಣಿಸಿ. ಗೆರೆ ಮುಚ್ಚಿ ಮೇಲ್ಮೈ ಮತ್ತೆ ಸಪಾಟಾಗಲು 15ರಿಂದ 20 ಸೆಕೆಂಡ್ ಹಿಡಿದರೆ ಸರಿ. ಐದಾರು ಸೆಕೆಂಡಿಗೇ ಮುಚ್ಚಿದರೆ ನೀರಾಗಿದೆ, ಹೋದ ವರ್ಷ ನಿಮ್ಮ ತಟ್ಟೆಗೆ ಹರಿದದ್ದು ಇದೇ. ಎರಡು ಚಮಚ ಸಕ್ಕರೆ ಸೇರಿಸಿ. ಅರ್ಧ ನಿಮಿಷವಾದರೂ ಗೆರೆ ಹಾಗೇ ನಿಂತಿದ್ದರೆ ಗಟ್ಟಿ. ನೀರನ್ನು ಚಮಚದಲ್ಲಿ ಹಾಕಬೇಡಿ, ಬೆರಳು ಅದ್ದಿ ಹನಿ ಹನಿ ಹಾಕಿ. ಎಣಿಸುವ ಕೆಲಸ ಮಗನಿಗೆ ಕೊಡಿ. ಅವನು 13ರಿಂದ 17ಕ್ಕೆ ಹಾರಿದರೂ ಪರವಾಗಿಲ್ಲ.

ಇಷ್ಟೂ ಬೇಡ ಅಂದರೆ 250 ಗ್ರಾಂ ಐಸಿಂಗ್ ಸಕ್ಕರೆಗೆ ಎರಡೂವರೆ ದೊಡ್ಡ ಚಮಚ ನೀರು, ಒಂದು ಸಣ್ಣ ಚಮಚ ಲಿಕ್ವಿಡ್ ಗ್ಲುಕೋಸ್ ಕಲಸಿ. ಅದೂ ನಡೆಯುತ್ತದೆ. ಒಣಗಲು ಹೆಚ್ಚು ಹೊತ್ತು ಬೇಕು, ಅಷ್ಟು ಗಟ್ಟಿಯಾಗುವುದಿಲ್ಲ. ತೆಳು ಗೆರೆಗಳು ಮಾತ್ರ ಚೆನ್ನಾಗಿ ನಿಲ್ಲುವುದಿಲ್ಲ.

ಬಣ್ಣದ ಭಯ ಸುಮ್ನೆ ಹುಟ್ಟಿದ್ದಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಅದನ್ನು ಹಾಕುವ ಹಾಗೇ ಇಲ್ಲ. ನಮ್ಮ ದೇಶದಲ್ಲಿ ಆಹಾರಕ್ಕೆ ಹಾಕಬಹುದಾದ ಕೃತಕ ಬಣ್ಣಗಳು ಎಂಟೇ. ಅವನ್ನೂ ಎಲ್ಲ ತಿಂಡಿಗೂ ಹಾಕುವಂತಿಲ್ಲ, ಹಾಕಿದರೂ ಪ್ರಮಾಣಕ್ಕೆ ಮಿತಿ ಇದೆ. ಹಾಗಾಗಿ ಪೊಟ್ಟಣ ಕಟ್ಟಿ ಮಾರುವ ಬಿಡಿ ಪುಡಿ ಬಣ್ಣ ಬೇಡವೇ ಬೇಡ. ತಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಜೆಲ್ ಬಣ್ಣ ತನ್ನಿ. ಟೂತ್‌ಪಿಕ್ ತುದಿಯಲ್ಲಿ ತಾಗಿಸಿದಷ್ಟು ಸಾಕು. ಹೊಳೆಯುವ ಪುಡಿಯ ಡಬ್ಬಿ ಮೇಲೆ ವಿಷಕಾರಿಯಲ್ಲ ಅಂತ ಬರೆದಿದ್ದರೆ ತಿನ್ನಬಹುದು ಅಂತ ಅರ್ಥವಲ್ಲ. ತಿನ್ನಲು ಯೋಗ್ಯ ಅಂತಲೇ ಬರೆದಿರಬೇಕು. ಸಕ್ಕರೆ ಮಣಿಗಳ ಡಬ್ಬಿಯಲ್ಲಿ ಹಸಿರು ಚುಕ್ಕಿ ಇದೆಯೇ ನೋಡಿ, ಕೆಲವಕ್ಕೆ ಜೆಲಾಟಿನ್ ಹಾಕಿರುತ್ತಾರೆ. ಗಟ್ಟಿ ಬೆಳ್ಳಿ ಗುಂಡುಗಳನ್ನು ಮಗನ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಅಷ್ಟಕ್ಕೂ ಹಿಮದ ಕುಕೀಗೆ ಬಣ್ಣ ಎಷ್ಟು ಬೇಕು? ಬಿಳಿ ಮತ್ತು ನೀಲಿ. ನೀಲಿ ನಿಮ್ಮ ಬೇಲಿಯಲ್ಲೇ ಇರಬಹುದು, ಶಂಖಪುಷ್ಪ. ಒಣಗಿದ ಹೂ ಏಳೆಂಟು, ಎರಡು ಚಮಚ ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿ. ಕಡು ನೀಲಿ ನೀರು ಬರುತ್ತದೆ. ಐಸಿಂಗ್ ಗಟ್ಟಿತನ ಸರಿಮಾಡಲು ಸಾದಾ ನೀರಿನ ಬದಲು ಇದನ್ನೇ ಹನಿಸಿ. ಒಂದು ಎಚ್ಚರಿಕೆ ಇದೆ. ನೀಲಿಯೇ ಬೇಕಾದರೆ ಆ ಬಟ್ಟಲಿನ ಐಸಿಂಗ್‌ಗೆ ನಿಂಬೆರಸ ಹಾಕಿರಬಾರದು. ಹುಳಿ ತಾಕಿದ ಕೂಡಲೇ ನೀಲಿ ನೇರಳೆಯಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಆರತಿ ತಟ್ಟೆ ಕೆಂಪಾಗುತ್ತದಲ್ಲ, ಅದೇ ಜಾತಿಯ ತಮಾಷೆ. ಮಕ್ಕಳ ಮುಂದೆ ಒಂದು ಹನಿ ನಿಂಬೆರಸ ಹಾಕಿ ತೋರಿಸಿ. ನನ್ನ ತರಗತಿಯಲ್ಲಿ ಇದಾದ ಮೇಲೆ ಐದು ನಿಮಿಷ ಯಾರೂ ಕುಕೀ ಕಡೆ ನೋಡುವುದಿಲ್ಲ. ಗುಲಾಬಿ ಬೇಕಾದರೆ ಬೀಟ್‌ರೂಟ್ ಪುಡಿ. ಪಾಲಕ್ ಹಸಿರಿನ ಉಸಾಬರಿಗೆ ಹೋಗಬೇಡಿ, ಸೊಪ್ಪಿನ ವಾಸನೆ ಬರುತ್ತದೆ.

ಎರಡೇ ಬಣ್ಣ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಮೊದಲ ಮಕ್ಕಳ ತರಗತಿಗೆ ಉತ್ಸಾಹದಲ್ಲಿ ಆರು ಬಣ್ಣ ಕಲಸಿಟ್ಟಿದ್ದೆ. ಹನ್ನೆರಡು ಮಕ್ಕಳು. ಕಾಲು ಗಂಟೆಯಲ್ಲಿ ಆರೂ ಬಟ್ಟಲಲ್ಲಿ ಒಂದೇ ಬಣ್ಣ ಇತ್ತು, ಮಳೆ ನಿಂತ ಮೇಲಿನ ಗದ್ದೆಯ ಕೆಸರಿನದು. ಅವತ್ತು ಎಲ್ಲರೂ ಕಂದು ಸ್ನೋಮ್ಯಾನ್ ಹಿಡಿದುಕೊಂಡು ಮನೆಗೆ ಹೋದರು.

ಇನ್ನು ಕೆಲಸ ಹಂಚುವುದು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮುಂಚೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುವಾಗ ಮಕ್ಕಳನ್ನು ಕೂರಿಸುವ ಕೆಲಸ ಒಂದಿದೆ, ಕಿಡಿಯೋ. ಚೂರು ಹಿಟ್ಟನ್ನು ಫೋರ್ಕ್‌ನ ಅಥವಾ ಹೊಸ ಬಾಚಣಿಗೆಯ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತುವುದು. ಸುರುಳಿ ಸೊಟ್ಟಗಾದರೂ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದ ಮೇಲೆ ಎಲ್ಲ ಒಂದೇ ಥರ ಕಾಣುತ್ತವೆ. ಮಗುವಿಗೆ ಕೊಡುವ ಕೆಲಸ ಹೀಗಿರಬೇಕು, ತಪ್ಪು ಮಾಡಿದರೂ ಕೆಡದಂಥದ್ದು.

ನಿಮ್ಮ ಐದು ವರ್ಷದವನಿಗೆ ಕೋನ್ ಕೊಡಬೇಡಿ, ಅದ್ದುವುದನ್ನು ಕೊಡಿ. ಅಗಲ ಬಟ್ಟಲಲ್ಲಿ ಹತ್ತು ಸೆಕೆಂಡಿನ ತೆಳು ಐಸಿಂಗ್ ಹಾಕಿ. ಕುಕೀಯ ಅಂಚು ಹಿಡಿದು ಮುಖ ಕೆಳಗೆ ಮಾಡಿ ಅದ್ದಬೇಕು, ಮೇಲೆತ್ತಿ ಒಂದೆರಡು ಸಲ ಅಲ್ಲಾಡಿಸಿ, ಹೆಚ್ಚಾದದ್ದು ಇಳಿದ ಮೇಲೆ ತಿರುಗಿಸಿ ಇಡಬೇಕು. ಗುಳ್ಳೆಗಳನ್ನು ಟೂತ್‌ಪಿಕ್‌ನಿಂದ ಚುಚ್ಚಿ ಒಡೆಯುವುದು ಅವನಿಗೆ ಅಲಂಕಾರಕ್ಕಿಂತ ಹೆಚ್ಚು ಇಷ್ಟವಾಗುತ್ತದೆ. ಸ್ನೋಮ್ಯಾನ್ ಕೂಡ ಅವನದೇ ಇರಲಿ. ನಿಂತ ಸ್ನೋಮ್ಯಾನ್ ಅಲ್ಲ, ಕರಗಿದ ಸ್ನೋಮ್ಯಾನ್. ದುಂಡು ಕುಕೀ ಮೇಲೆ ಬಿಳಿ ಐಸಿಂಗನ್ನು ಚಮಚದಲ್ಲಿ ಹೇಗೆ ಬೇಕೋ ಹಾಗೆ ಸುರಿಯಲಿ. ಅರ್ಧ ಗಂಟೆ ಬಿಟ್ಟು ಚಾಕೊಲೇಟ್ ಚೂರಿನ ಎರಡು ಕಣ್ಣು, ಟೂಟಿ ಫ್ರೂಟಿಯ ಒಂದು ಮೂಗು. ಐಸಿಂಗ್ ಎಷ್ಟು ಹರಿದರೆ ಅಷ್ಟು ಚೆನ್ನ. ಮೈಸೂರಿನ ಬಿಸಿಲಿಗೆ ಸ್ನೋಮ್ಯಾನ್ ಬಂದರೆ ಹಾಗೇ ಅಲ್ವಾ ಇರುವುದು?

ಕೋನ್ ಮಗಳಿಗೆ. ಗೋರಂಟಿ ಕೋನ್ ಹಿಡಿದು ಅಭ್ಯಾಸ ಇದ್ದರೆ ಅರ್ಧ ಪಾಠ ಆಗಿಹೋಗಿದೆ. ದಪ್ಪ ಜಿಪ್ ಕವರ್‌ನ ಮೂಲೆಗೆ ಐಸಿಂಗ್ ತುಂಬಿ, ಮೇಲ್ಭಾಗ ತಿರುಚಿ ರಬ್ಬರ್ ಹಾಕಿ, ತುದಿಯನ್ನು ಸೂಜಿಮೂತಿಯಷ್ಟು ಕತ್ತರಿಸಿ. ದೊಡ್ಡದು ಬೇಕಾದರೆ ಆಮೇಲೆ ಕತ್ತರಿಸಬಹುದು, ಚಿಕ್ಕದು ಮಾಡಲಾಗದು. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒತ್ತುವುದು ಮೇಲಿನಿಂದ, ಅಂಗೈಯಲ್ಲಿ. ಮಕ್ಕಳೆಲ್ಲ ನಡುವೆ ಹಿಂಡುತ್ತಾರೆ, ಅದನ್ನು ಬಿಡಿಸಬೇಕು.

ಮಕ್ಕಳೆಲ್ಲರೂ ಮಾಡುವ ಇನ್ನೊಂದು ತಪ್ಪು, ಕೋನ್ ತುದಿಯನ್ನು ಕುಕೀಗೆ ತಾಗಿಸಿ ಪೆನ್ನಿನ ಹಾಗೆ ಗೀಚುವುದು. ಗೆರೆ ನಡುಗುತ್ತದೆ, ಚೂರಾಗುತ್ತದೆ. ಇಲ್ಲಿ ನೀವು ಏನೂ ಹೇಳಬೇಡಿ. ಡಿಸೆಂಬರ್ ಮಧ್ಯದಿಂದ ಧನುರ್ಮಾಸ, ನಿಮ್ಮ ಬೀದಿಯಲ್ಲೂ ಬೆಳಗ್ಗೆ ಬೆಳಗ್ಗೆ ದೊಡ್ಡ ರಂಗೋಲಿಗಳು ಬೀಳುತ್ತಿರುತ್ತವೆ. ಮಗಳನ್ನು ಕರೆದುಕೊಂಡು ಹೋಗಿ, ಹಾಕುವವರ ಕೈ ನೋಡಲು ಹೇಳಿ. ಬೆರಳು ನೆಲ ಮುಟ್ಟುವುದೇ ಇಲ್ಲ. ಒಂದೆರಡು ಅಂಗುಲ ಮೇಲಿರುತ್ತದೆ. ಪುಡಿ ತಾನಾಗಿ ಬೀಳುತ್ತದೆ, ಕೈ ಸುಮ್ಮನೆ ದಾರಿ ತೋರಿಸುತ್ತಾ ಹೋಗುತ್ತದೆ. ಐಸಿಂಗ್ ಗೆರೆಯೂ ಹಾಗೆಯೇ. ಶುರುವಿನಲ್ಲಿ ಮಾತ್ರ ತುದಿ ತಾಗಿಸಿ, ಒತ್ತುತ್ತಾ ಒಂದು ಬೆರಳಷ್ಟು ಮೇಲೆತ್ತಿ. ದಾರದ ಹಾಗೆ ನೇತಾಡುವ ಐಸಿಂಗನ್ನು ಬೇಕಾದ ಕಡೆ ಮಲಗಿಸಿ. ಮುಗಿಸುವಾಗ ಒತ್ತುವುದು ನಿಲ್ಲಿಸಿ, ಆಮೇಲೆ ತುದಿ ಇಳಿಸಿ. ಮೊದಲು ಸ್ಟೀಲ್ ತಟ್ಟೆಯ ಮೇಲೆ ಹತ್ತು ಗೆರೆ ಎಳೆಯಲಿ, ಕೆರೆದು ಮತ್ತೆ ಕೋನ್‌ಗೆ ತುಂಬಬಹುದು.

ಸ್ನೋಫ್ಲೇಕ್‌ಗೂ ರಂಗೋಲಿಯೇ ದಾರಿ. ಹಿಮದ ಹರಳಿಗೆ ಆರು ತೋಳು. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲಿ ಕೂರುವುದರಿಂದ ಹೀಗೆ. ಎಂಟು ತೋಳು ಬರೆದರೆ ಅದು ನಕ್ಷತ್ರ, ಹಿಮವಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅನ್ನುವ ರೈತ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಹಿಮದ ಹರಳಿನ ಫೋಟೊ ತೆಗೆದ. ಮುಂದೆ ಐದು ಸಾವಿರಕ್ಕೂ ಹೆಚ್ಚು ತೆಗೆದ. ಆ ಫೋಟೊಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ, ಮಗಳು ಅವನ್ನೇ ನೋಡಿಕೊಂಡು ಬರೆಯಲಿ. ಕಾರ್ಟೂನಿನದಕ್ಕಿಂತ ಎಷ್ಟೋ ಚೆನ್ನಾಗಿವೆ.

ಆರು ತೋಳು ಸಮನಾಗಿ ಬರಲು ಸಂದು ಚುಕ್ಕಿ ಇಡಿ. ಮೇಲೆ ಎರಡು, ಮಧ್ಯೆ ಮೂರು, ಕೆಳಗೆ ಎರಡು, ಒಂದರ ಸಂದಿಗೆ ಇನ್ನೊಂದು. ನಡುವಿನ ಚುಕ್ಕಿಯ ಸುತ್ತ ಆರು ಚುಕ್ಕಿ ತಾನಾಗಿ ಬಂತು. ನಡುವಿನಿಂದ ಒಂದೊಂದಕ್ಕೂ ಗೆರೆ ಎಳೆದು ಅಂಚಿನವರೆಗೆ ಮುಂದುವರಿಸಿ, ಪ್ರತಿ ತೋಳಿಗೂ ಎರಡು ಪುಟ್ಟ ವಿ ಹಾಕಿದರೆ ಹಿಮದ ಹರಳು. ಕೋನಮಾಪಕ ಬೇಡ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ನನ್ನ ತರಗತಿಗೆ ಮೊಮ್ಮಗಳನ್ನು ಬಿಡಲು ಬಂದ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು ನೋಡಿ, ಇಷ್ಟೇನಾ ಅಂತ ಕೋನ್ ಇಸಕೊಂಡು ಬಳ್ಳಿ ಎಳೆದುಬಿಟ್ಟರು. ಒಂದು ಕಡೆಯೂ ಗೆರೆ ಕಡಿಯಲಿಲ್ಲ. ನನಗೆ ಅಷ್ಟು ಬರಲು ಎರಡು ವರ್ಷ ಹಿಡಿದಿತ್ತು.

ಒಂದು ಸುಲಭದ ಕೆಲಸ ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಅವನು ಬಿಳಿಯಲ್ಲಿ ಅದ್ದಿ ಇಟ್ಟ ಕೂಡಲೇ, ಒಣಗುವ ಮುಂಚೆ, ಅವಳು ನೀಲಿಯಲ್ಲಿ ಒಂದರೊಳಗೊಂದು ಮೂರು ವೃತ್ತ ಎಳೆಯಲಿ. ಅವನು ಟೂತ್‌ಪಿಕ್ ತಗೊಂಡು ನಡುವಿನಿಂದ ಅಂಚಿಗೆ ಆರು ಸಲ ಗೀರಲಿ. ಹಿಮದ ಹೂ ಆಗುತ್ತದೆ. ಇದರಲ್ಲಿ ಒಬ್ಬರಿಗೊಬ್ಬರು ಬೇಕೇ ಬೇಕು, ತಡಮಾಡಿದರೆ ಒಣಗಿಬಿಡುತ್ತದೆ. ಜಗಳಕ್ಕೆ ಸಮಯ ಇರುವುದಿಲ್ಲ.

ಒಣಗಿಸುವುದು ಫ್ಯಾನ್ ಕೆಳಗೆ, ಎಂಟರಿಂದ ಹನ್ನೆರಡು ಗಂಟೆ. ಡಿಸೆಂಬರ್‌ನಲ್ಲಿ ಮೈಸೂರಿನ ಒಣ ಗಾಳಿ ಇದಕ್ಕೆ ಚೆನ್ನಾಗಿದೆ. ಕರಾವಳಿಯಲ್ಲಾದರೆ ಕಷ್ಟ. ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ರಾತ್ರಿ ಮಾಡಿಟ್ಟ ಕುಕೀ ಬೆಳಿಗ್ಗೆಗೂ ಕೈಗೆ ಅಂಟುತ್ತಿತ್ತು, ಜೊತೆಗೆ ಇರುವೆಗಳ ಸಾಲು. ಇರುವೆಗೆ ಹಳೇ ಉಪಾಯವೇ ಸರಿ. ಅಗಲ ತಟ್ಟೆಯಲ್ಲಿ ನೀರು, ಅದರಲ್ಲಿ ಬೋರಲು ಬಟ್ಟಲು, ಅದರ ಮೇಲೆ ಕುಕೀ ತಟ್ಟೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರಗೆ ತೆಗೆದಾಗ ಬೆವರಿ ನೀಲಿಯೆಲ್ಲ ಬಿಳಿಗೆ ಇಳಿಯುತ್ತದೆ.

ಪೂರ್ತಿ ಒಣಗಿದ ಮೇಲೆ ಪದರಪದರವಾಗಿ, ನಡುವೆ ಬಟರ್ ಪೇಪರ್ ಹಾಕಿ ಡಬ್ಬಿಗೆ ತುಂಬಿ. ವಾರ, ಹತ್ತು ದಿನ ಚೆನ್ನಾಗಿರುತ್ತವೆ. ಪಾರ್ಟಿಗೆ ಒಯ್ಯುವಾಗ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ: ಮೈದಾ, ಬೆಣ್ಣೆ, ಹಾಲು, ಸಕ್ಕರೆ, ಕಾಬೂಲಿ ಕಡಲೆ, ಶಂಖಪುಷ್ಪ, ಚಾಕೊಲೇಟ್, ಟೂಟಿ ಫ್ರೂಟಿ. ಅಲರ್ಜಿ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಅನುಕೂಲ. ಕಡಲೆ ಎಲ್ಲಿದೆ ಅಂತ ಒಬ್ಬರಾದರೂ ಬಂದು ಕೇಳುತ್ತಾರೆ. ಆ ಉತ್ತರ ಮಗಳೇ ಹೇಳಲಿ.